ಕರೆಂಟ್ ಬಂತು ಸರಿ, ಗ್ಯಾಸ್ ಎಲ್ಲಿ?

ನೀರಲ್ಲಿಟ್ಟ ಫಿಲ್ಮ್ ಮೇಲೆ ಬೆಳಕು ಬಿಟ್ಟು ನೀರನ್ನ ಒಡೆಯೋಕೆ ನೋಡೋ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗ್ರು ಮೊದಲ ತಿಂಗಳಲ್ಲೇ ಓಡಿ ಬರ್ತಾರೆ, ಸರ್ ಲೈಟ್ ಹಾಕಿದ್ ಕೂಡ್ಲೇ ಕರೆಂಟ್ ಏರ್ತಿದೆ, ನೀರು ಒಡೀತಿದೆ ಅಂತ. ನಾನು ಕೇಳೋದು ಒಂದೇ ಪ್ರಶ್ನೆ, ನೀರೊಳಗೆ ನೈಟ್ರೋಜನ್ ಗ್ಯಾಸ್ ಹಾಯಿಸಿದ್ರೇನಪ್ಪಾ?

ಬೆಳಕಿಂದ ನೀರನ್ನ ಹೈಡ್ರೋಜನ್-ಆಕ್ಸಿಜನ್ ಮಾಡಬಹುದು ಅಂತ ಜಪಾನಿನ ಫುಜಿಶಿಮಾ, ಹೊಂಡಾ 1972ರಲ್ಲೇ ಟೈಟಾನಿಯಂ ಡೈಆಕ್ಸೈಡ್ ಇಟ್ಕೊಂಡು ತೋರಿಸಿದ್ರು. ಆದ್ರೆ ಅದು ಹೀರೋದು ಅಲ್ಟ್ರಾವಯಲೆಟ್ ಮಾತ್ರ, ಬಿಸಿಲಲ್ಲಿ ಅದಿರೋದೇ ಸುಮಾರು ನೂರಕ್ಕೆ 5 ಪಾಲು. ಅದಕ್ಕೇ ಕರೆಂಟ್ ಹರಿಸೋ ಪಾಲಿಮರ್‌ಗಳ (ಪ್ಲಾಸ್ಟಿಕ್ ಥರದ ಉದ್ದ ಸರಪಳಿ ಅಣುಗಳ) ಕಡೆ ಎಲ್ಲರ ಕಣ್ಣು. ಪಿ3ಎಚ್‌ಟಿ ಅಂತ ಒಂದಿದೆ, ಕ್ಲೋರೋಫಾರ್ಮಲ್ಲಿ ಕರಗಿಸಿದ್ರೆ ಕಿತ್ತಳೆ ಬಣ್ಣ, ಗಾಜಿನ ಮೇಲೆ ಫಿಲ್ಮ್ ಮಾಡಿ ಒಣಗಿಸಿದ್ರೆ ನೇರಳೆಹಣ್ಣು ತಿಂದ ನಾಲಿಗೆ ಥರ. 650 ನ್ಯಾನೋಮೀಟರ್ ತರಂಗದ ತನಕ, ಅಂದ್ರೆ ಕೆಂಪಿನ ತನಕ ಬೆಳಕು ಹೀರುತ್ತೆ, ಟೈಟಾನಿಯಂದು 390ರ ಹತ್ರಾನೇ ಮುಗಿದುಹೋಗುತ್ತೆ.

ತೊಂದ್ರೆ ಏನಂದ್ರೆ, ಬೆಳಕು ಬಿದ್ದಾಗ ಹೊರಟ ಎಲೆಕ್ಟ್ರಾನ್ ನೀರಿನ ಹತ್ರಾನೇ ಹೋಗ್ಬೇಕು ಅಂತೇನಿಲ್ಲ. ನೀರಲ್ಲಿ ಕರಗಿರೋ ಗಾಳಿಯ ಆಕ್ಸಿಜನ್ ಅದನ್ನ ಸುಲಭವಾಗಿ ಕಿತ್ಕೊಳ್ಳುತ್ತೆ, ಮೀಟರಿಗೆ ಎರಡೂ ಒಂದೇ, ಅದು ಕರೆಂಟ್ ಅಂತಾನೇ ತೋರಿಸುತ್ತೆ. ಅರ್ಧ ಗಂಟೆ ನೈಟ್ರೋಜನ್ ಗುಳ್ಳೆ ಬಿಟ್ಟು ಆ ಆಕ್ಸಿಜನ್ನ ಓಡಿಸಿ ಮತ್ತೆ ನೋಡಿದ್ರೆ ಆ ಚಂದದ ಗ್ರಾಫ್ ಮಲಗಿಬಿಡುತ್ತೆ. ಹೈಡ್ರೋಜನ್ ಬೇಕು ಅಂದ್ರೆ ಜೊತೆಗೆ ಪಿಸಿಬಿಎಂ ಥರ ಎಲೆಕ್ಟ್ರಾನ್ ಹಿಡ್ಕೊಳ್ಳೋದೊಂದು ಬೇಕು, ಮೇಲೆ ರಿಯಾಕ್ಷನ್ ಚುರುಕು ಮಾಡೋ ಪ್ಲಾಟಿನಂ ಥರದ ಕ್ಯಾಟಲಿಸ್ಟೂ ಬೇಕು.

ಇನ್ನು ಲೆಕ್ಕ ಹಾಕಿ ನೋಡಿ, 1 ಮಿಲಿಆಂಪ್ ಒಂದು ಗಂಟೆ ಪೂರ್ತಿ ಹರಿದು ಪ್ರತಿ ಎಲೆಕ್ಟ್ರಾನೂ ಹೈಡ್ರೋಜನ್ನಿಗೇ ಹೋದ್ರೂ ಸಿಗೋದು ಅರ್ಧ ಮಿಲಿಲೀಟರ್‌ಗಿಂತ ಕಮ್ಮಿ, ಕಣ್ಣಿಗೆ ಕಾಣಲ್ಲ, ಯಾವ ಗ್ಯಾಸ್ ಎಷ್ಟಿದೆ ಅಂತ ಬೇರ್ಪಡಿಸಿ ಅಳೆಯೋ ಗ್ಯಾಸ್ ಕ್ರೊಮ್ಯಾಟೊಗ್ರಾಫಿಗೆ ಹಾಕ್ಲೇಬೇಕು. ಹಾಕದೇ ನೀರು ಒಡೆದೆ ಅಂದ್ರೆ ನಾನಂತೂ ನಂಬಲ್ಲ.

ಆಕ್ಸಿಜನ್ ಬರೋ ಕಡೆ ಇನ್ನೂ ಕಷ್ಟ, ಒಂದು ಅಣುವಿಗೆ 4 ಎಲೆಕ್ಟ್ರಾನ್ ಕೀಳ್ಬೇಕು, ನೀರಿಗಿಂತ ಮೊದಲು ಪಾಲಿಮರೇ ಆಕ್ಸಿಡೈಸ್ ಆಗೋಕೆ, ಅಂದ್ರೆ ತಾನೇ ಎಲೆಕ್ಟ್ರಾನ್ ಕಳ್ಕೊಂಡು ಹಾಳಾಗೋಕೆ ರೆಡಿಯಾಗಿರುತ್ತೆ. ಆಸ್ಟ್ರೇಲಿಯಾದ ವೊಲೊಂಗಾಂಗ್ ಯೂನಿವರ್ಸಿಟಿಯವರು ಪಾಲಿಟರ್‌ಥಯೋಫೀನ್ ಅನ್ನೋ ಇಂಥದ್ದೇ ಪಾಲಿಮರ್ ಒಳಗೆ ಮ್ಯಾಂಗನೀಸ್ ಪಾರ್ಫೈರಿನ್ ಅನ್ನೋ ಕ್ಯಾಟಲಿಸ್ಟ್ ಕೂರಿಸಿ ಸಮುದ್ರದ ನೀರಿಂದಲೇ, ಉಪ್ಪಿಂದ ಬರೋ ಕ್ಲೋರಿನ್ ಅಲ್ಲ, ಆಕ್ಸಿಜನ್ ತೆಗೆದಿದ್ರು, ನಿಜಕ್ಕೂ ಚಂದದ ಕೆಲಸ, ಆದ್ರೆ ಅಲ್ಲೂ ಬೆಳಕಿನ ಜೊತೆ ಹೊರಗಿನ ವೋಲ್ಟೇಜ್ ಕೊಡ್ಬೇಕು.

ಮೊನ್ನೆ ಒಬ್ಬ ಹುಡುಗ ರಾತ್ರಿ ಪೂರ್ತಿ ಲೈಟ್ ಬಿಟ್ಟು ಹೋಗಿದ್ದ, ನೀರು, ಫಿಲ್ಮ್ ಇಟ್ಟ ಪಾತ್ರೆಗೆ (ಸೆಲ್‌ಗೆ) ಗಾಳಿ ನುಗ್ಗಿತ್ತು. ಬೆಳಿಗ್ಗೆ ಬಂದು ಗಾಜು ಎತ್ತಿ ತೋರಿಸ್ದ, ಸುತ್ತ ನೇರಳೆ ಹಾಗೇ ಇದೆ, ಬೆಳಕು ಬಿದ್ದ ಕಡೆ ಮಾತ್ರ ಗುಂಡಗೆ ಬಣ್ಣ ಬಿಟ್ಟು ಆಚೆಗಿದ್ದ ಅವನ ಬೆರಳು ಕಾಣ್ತಿತ್ತು.