ಸೋಯಾ ಪನೀರ್‌ಗೂ ಒಂದು ಹಬ್ಬವಾ?

ಪ್ರಶ್ನೆ: ಚೀನಾದ ಹುವಾಯ್‌ನಾನ್ ಊರಲ್ಲಿ ಟೋಫು ಹಬ್ಬ ಮಾಡ್ತಾರಂತೆ. ಟೋಫು ಅಂದ್ರೆ ಸೋಯಾ ಪನೀರ್ ತಾನೆ? ರುಚಿಯೇ ಇಲ್ಲದ್ದಕ್ಕೆ ಹಬ್ಬ ಯಾಕೆ?

ಹಬ್ಬದ ಮಾತು ಮೊದಲು ಮುಗಿಸಿಬಿಡುತ್ತೇನೆ, ಅದು ಸುಲಭ. ಹುವಾಯ್‌ನಾನ್ ಇರುವುದು ಆನ್‌ಹುಯಿ ಪ್ರಾಂತ್ಯದಲ್ಲಿ. ಕಲ್ಲಿದ್ದಲಿನ ಊರು. ಎರಡು ಸಾವಿರ ವರ್ಷದ ಹಿಂದೆ ಆ ಸೀಮೆಯನ್ನು ಆಳುತ್ತಿದ್ದ ಲಿಯು ಆನ್ ಎಂಬ ಅರಸ ಸಾವಿಲ್ಲದ ಮದ್ದು ಹುಡುಕಲು ಹೋಗಿ ಟೋಫು ಕಂಡುಕೊಂಡ ಅಂತ ಅಲ್ಲಿಯವರ ನಂಬಿಕೆ. ಬರಹದಲ್ಲಿ ಟೋಫು ಹೆಸರು ಸಿಗುವುದು ಮಾತ್ರ ಅವನು ಸತ್ತು ಸಾವಿರ ವರ್ಷ ಆದಮೇಲೆ. ಊರಿನವರು ಅದಕ್ಕೆಲ್ಲ ತಲೆ ಕೆಡಿಸಿಕೊಂಡಿಲ್ಲ. ಅವನ ಹುಟ್ಟಿದ ದಿನ ಎನ್ನುವ ಸೆಪ್ಟೆಂಬರ್ 15ರ ಹೊತ್ತಿಗೆ, 1992ರಿಂದ ಹಬ್ಬ ಮಾಡುತ್ತಾ ಬಂದಿದ್ದಾರೆ.

ಈಗ ಆ ‘ಸೋಯಾ ಪನೀರ್’. ಪ್ಯಾಕೆಟ್ ಮೇಲೆ ಹಾಗೆ ಮೊದಲು ಅಚ್ಚು ಹಾಕಿಸಿದವರು ಯಾರೋ ಗೊತ್ತಿಲ್ಲ. ಅವರಿಂದಾಗಿ ನಾನು ಇದೇ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕ ಇಲ್ಲ. ಬಿಳಿ ಬಣ್ಣ, ಚೌಕ ತುಂಡು. ಹೋಲಿಕೆ ಅಲ್ಲಿಗೆ ಮುಗಿಯಿತು. ಪನೀರ್ ಆಗುವುದು ಹಸುವಿನದೋ ಎಮ್ಮೆಯದೋ ಹಾಲಿಗೆ ಹುಳಿ ಹಿಂಡಿದಾಗ. ಟೋಫು ಆಗುವುದು ನೆನೆಸಿ, ರುಬ್ಬಿ, ಸೋಸಿ, ಕುದಿಸಿದ ಕಾಳಿನ ಹಾಲಿಗೆ ಜಿಪ್ಸಂ ಬೆರೆಸಿದಾಗ. ಹೌದು, ಸೀಮೆಸುಣ್ಣ ಮಾಡುವ ಜಿಪ್ಸಂ ಜಾತಿಯದೇ, ತಿನ್ನಲು ಶುದ್ಧ ಮಾಡಿದ್ದು. ಜಪಾನಿನಲ್ಲಾದರೆ ಉಪ್ಪು ತೆಗೆದಮೇಲೆ ಉಳಿಯುವ ಕಹಿ ನೀರು. ನಿಂಬೆಹಣ್ಣು ಹಿಂಡಿದರೂ ಸೋಯಾ ಹಾಲು ಒಡೆಯುತ್ತದೆ, ನಿಜ. ಗೊಂದಲ ಹುಟ್ಟಿದ್ದೇ ಅಲ್ಲಿ. ಆದರೆ ಜಿಪ್ಸಂ ಹಾಕಿ, ಹಿಂಡದೆ ಹಾಗೇ ಬಿಟ್ಟ ಟೋಫು ಚಮಚದ ಮೇಲೆ ಗಿಣ್ಣಿನ ಹಾಗೆ ನಡುಗುತ್ತದೆ. ಪನೀರ್ ಯಾವತ್ತಾದರೂ ಹಾಗೆ ನಡುಗಿದ್ದು ಕಂಡಿದ್ದೀರಾ?

‘ಪಾಪ, ಸಸ್ಯಾಹಾರಿಗಳ ಬದಲಿ ವ್ಯವಸ್ಥೆ’ ಎನ್ನುವುದೂ ಸುಳ್ಳು. ಸಿಚುವಾನ್‌ನ ಹೆಸರುವಾಸಿ ಮಾಪೊ ಟೋಫುವಿಗೆ ಕೊಚ್ಚಿದ ಮಾಂಸವನ್ನೂ ಹಾಕುತ್ತಾರೆ. ಟೋಫು ಹೆಸರು ಮೊದಲು ಸಿಗುತ್ತದೆ ಎಂದೆನಲ್ಲ, 10ನೇ ಶತಮಾನದ ಆ ಹಳೇ ಬರಹದಲ್ಲಿ ಒಬ್ಬ ಮಿತವ್ಯಯದ ಅಧಿಕಾರಿ ಮಾಂಸ ಬಿಟ್ಟು ದಿನಾ ಟೋಫು ತರಿಸುತ್ತಿದ್ದನಂತೆ. ಜನ ಅದನ್ನು ಕುರಿಮಾಂಸಕ್ಕೇ ಹೋಲಿಸಿ ಕರೆದರಂತೆ. ಹಾಗಾಗಿ ‘ಸೋಯಾ ಮಟನ್’ ಎಂದಿದ್ದರೆ ಬೇಕಾದರೆ ಒಪ್ಪುತ್ತಿದ್ದೆ!

ರುಚಿ ಇಲ್ಲ ಅನ್ನೋದು ಅಡುಗೆಯವರ ತಪ್ಪು. ಪಾಲಕ್ ಗ್ರೇವಿಗೆ ಕೊನೇ ನಿಮಿಷದಲ್ಲಿ ಹಾಕಿ ಚಪ್ಪೆ ಎಂದರೆ ಏನು ಮಾಡೋದು? ಗಟ್ಟಿ ಟೋಫುವನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಬಿಸಿನೀರಿಗೆ ಹಾಕಿ ಕರಗಿಸಿ, ಅಂಗೈಯಲ್ಲಿ ಮೆಲ್ಲಗೆ ಹಿಂಡಿ. ಒಳಗಿನ ನೀರು ಮಂಜುಗಡ್ಡೆಯಾಗಿ ಮಾಡಿದ ತೂತುಗಳೆಲ್ಲ ಉಳಿದು ಸ್ಪಂಜಿನಂತಾಗಿರುತ್ತದೆ. ಯಾವ ಸಾರಿಗೆ ಹಾಕಿದರೂ ಹೀರಿಕೊಳ್ಳುತ್ತದೆ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಬೆಂಗಳೂರಿನ ಅವರೆಬೇಳೆ ಮೇಳದಲ್ಲಿ ದೋಸೆಯಿಂದ ಜಿಲೇಬಿವರೆಗೆ ಎಲ್ಲದರಲ್ಲೂ ಅವರೆ ಇರುತ್ತದಲ್ವಾ, ಅವರೆ ಟೋಫು ಯಾಕಿಲ್ಲ? ಸೋಯಾದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಪ್ರೋಟೀನ್, ಪಿಷ್ಟ ಹೆಸರಿಗಷ್ಟೇ. ಅವರೆಯಲ್ಲಿ ಪಿಷ್ಟದ್ದೇ ದೊಡ್ಡ ಪಾಲು. ನಾನೊಮ್ಮೆ ಒಣ ಅವರೆಕಾಳು ನೆನೆಸಿ, ಇಸುಕಿ, ರುಬ್ಬಿ, ಹಳೇ ಪಂಚೆಯಲ್ಲಿ ಸೋಸಿ ಒಲೆ ಮೇಲಿಟ್ಟೆ. ಒಡೆಯುವ ಮಾತೇ ಇಲ್ಲ. ಸೌಟು ಆಡಿಸುತ್ತಿದ್ದಂತೆ ಗಂಜಿಯಾಯಿತು. ಪಿಷ್ಟ ತಳಕ್ಕೆ ಇಳಿಯುವವರೆಗೆ ಕಾದು ಮೇಲಿನ ಹಾಲು ಮಾತ್ರ ಬಸಿದುಕೊಳ್ಳಬೇಕಿತ್ತು ಅಂತ ಆಮೇಲೆ ಹೊಳೆಯಿತು. ಅಷ್ಟರಲ್ಲಿ ಮನೆಯವರು ಅದಕ್ಕೆ ಇಂಗಿನ ಒಗ್ಗರಣೆ ಹಾಕಿ ಬಡಿಸಿಯಾಗಿತ್ತು.