ಪದ ಪರಿಚಯ: ಕರೆನ್ಸಿ ಒಕ್ಕೂಟದಲ್ಲಿ ವಿತ್ತೀಯ ಸ್ಥಿರೀಕರಣ

ಮಳೆ ಕೈಕೊಟ್ಟು ಚಳ್ಳಕೆರೆ ಸೀಮೆಯ ಶೇಂಗಾ ಒಣಗಿ, ಎಣ್ಣೆ ಗಿರಣಿಗಳಿಗೆ ಕೆಲಸವಿಲ್ಲದಂತಾದರೂ ಚಿತ್ರದುರ್ಗ ಜಿಲ್ಲೆಯೊಂದಕ್ಕಾಗಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ ದರವನ್ನು) ಇಳಿಸುವುದಿಲ್ಲ, ರೂಪಾಯಿಯ ಮೌಲ್ಯವನ್ನು ತಗ್ಗಿಸುವುದೂ ಇಲ್ಲ. ಅಲ್ಲಿ ನೆರವಿಗೆ ಬರಬೇಕಾದದ್ದು ಬೊಕ್ಕಸ. ಬರ ಪರಿಹಾರ, ಸರ್ಕಾರಿ ಕಾಮಗಾರಿಯ ಕೂಲಿ, ಪಡಿತರ ಇವೆಲ್ಲ ಅದರ ರೂಪಗಳೇ. ಆರ್ಥಿಕತೆ ಕುಗ್ಗಿದಾಗ ಸರ್ಕಾರವು ವೆಚ್ಚವನ್ನು ಹೆಚ್ಚಿಸಿ ಇಲ್ಲವೇ ತೆರಿಗೆಯನ್ನು ತಗ್ಗಿಸಿ, ಉಬ್ಬರದ ಕಾಲದಲ್ಲಿ ಇದಕ್ಕೆ ವಿರುದ್ಧವಾಗಿ ನಡೆದು, ಏರಿಳಿತವನ್ನು ಹತೋಟಿಯಲ್ಲಿಡುವ ಕ್ರಮವೇ ವಿತ್ತೀಯ ಸ್ಥಿರೀಕರಣ.

ಹಲವು ದೇಶಗಳು ಒಂದೇ ನಾಣ್ಯವನ್ನು ಹಂಚಿಕೊಂಡು ಕರೆನ್ಸಿ ಒಕ್ಕೂಟವಾದಾಗ ಈ ಕ್ರಮದ ಹೊಣೆ ಹೆಚ್ಚುತ್ತದೆ. 1999ರಲ್ಲಿ ಆರಂಭವಾದ ಯೂರೋ ಒಕ್ಕೂಟದಲ್ಲಿ ಬಡ್ಡಿ ದರವನ್ನು ಫ್ರಾಂಕ್‌ಫರ್ಟಿನ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ನಿರ್ಧರಿಸುತ್ತದೆ, ತೆರಿಗೆ ಮತ್ತು ವೆಚ್ಚಗಳು ಮಾತ್ರ ಬಹುಮಟ್ಟಿಗೆ ಆಯಾ ದೇಶದ ಸರ್ಕಾರದ ಕೈಯಲ್ಲಿವೆ. ಅದಕ್ಕೂ ಕಡಿವಾಣವಿದೆ: ವಿತ್ತೀಯ ಕೊರತೆ, ಅಂದರೆ ಆದಾಯಕ್ಕಿಂತ ಸರ್ಕಾರ ಹೆಚ್ಚು ಮಾಡುವ ವೆಚ್ಚ, ಜಿಡಿಪಿಯ ಶೇ 3ನ್ನು, ಸಾಲ ಶೇ 60ನ್ನು ಮೀರಬಾರದೆಂಬುದು ಯೂರೋಗೆ ಅಡಿಪಾಯ ಹಾಕಿದ ಮಾಸ್ಟ್ರಿಕ್ಟ್ ಒಪ್ಪಂದದ ಮಿತಿ.

ಈ ಮಿತಿಯನ್ನು ಪಾಲಿಸಿದ ಮಾತ್ರಕ್ಕೆ ಭದ್ರತೆ ಸಿಗದು ಎಂಬುದಕ್ಕೆ ಸ್ಪೇನ್ ಸಾಕ್ಷಿ. 2007ರಲ್ಲಿ ಅದರ ಬಜೆಟ್ ಉಳಿತಾಯದಲ್ಲಿತ್ತು, ಸಾಲವೂ ಶೇ 40ರೊಳಗಿತ್ತು. ಆದರೆ ಆ ಉಳಿತಾಯದ ಬಹುಪಾಲು ಮನೆ ನಿರ್ಮಾಣದ ಭರಾಟೆಯಿಂದ ಬಂದ ತೆರಿಗೆಯಾಗಿತ್ತು. ಭರಾಟೆ ಕುಸಿದಾಗ ಆದಾಯ ಬತ್ತಿತು, ಬ್ಯಾಂಕುಗಳನ್ನು ಉಳಿಸುವ ಹೊರೆ ಬಿತ್ತು. ಸ್ವಂತ ನಾಣ್ಯವಾಗಲಿ, ಬೆನ್ನಿಗೆ ನಿಲ್ಲುವ ಸ್ವಂತ ಕೇಂದ್ರ ಬ್ಯಾಂಕಾಗಲಿ ಇಲ್ಲದ್ದರಿಂದ ಸಾಲ ಕೊಡುವವರು ಹೆಚ್ಚು ಬಡ್ಡಿ ಕೇಳತೊಡಗಿದರು. ಖರ್ಚು ಮಾಡಬೇಕಾಗಿದ್ದ ಹೊತ್ತಿನಲ್ಲೇ ಸರ್ಕಾರ ಖರ್ಚಿಗೆ ಕತ್ತರಿ ಹಾಕಿತು. 2013ರಲ್ಲಿ ಅಲ್ಲಿನ ನಿರುದ್ಯೋಗ ಶೇ 26ರಷ್ಟಿತ್ತು. ನಿಯಮಗಳ ಚರ್ಚೆಯಲ್ಲಿ ಮಿತಿ ಮೀರಿ ಸಾಲ ಮಾಡಿದ್ದ ಗ್ರೀಸಿನ ಹೆಸರೇ ಮುಂದೆ ಬರುತ್ತದೆಯಾದರೂ, ಕಲಿಯಲು ಹೆಚ್ಚಿರುವುದು ಸ್ಪೇನಿನಿಂದಲೇ ಎನ್ನಬೇಕು.

ಇಂತಹ ಪೆಟ್ಟನ್ನು ಒಕ್ಕೂಟವೇ ಹಂಚಿಕೊಳ್ಳಬೇಕಾದರೆ ಸಾಮಾನ್ಯ ಬೊಕ್ಕಸವೊಂದು ಬೇಕು ಎಂದು ಅರ್ಥಶಾಸ್ತ್ರಜ್ಞ ಪೀಟರ್ ಕೆನೆನ್ 1969ರಲ್ಲೇ ವಾದಿಸಿದ್ದರು. ಭಾರತದಲ್ಲಿ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಸಂವಿಧಾನದತ್ತವಾದ ಪಾಲಿದೆ. ಪಾಲು ಸಾಲದೆಂಬ ಕರ್ನಾಟಕದ ತಕರಾರು ಬೇರೆ ಮಾತು. ಯೂರೋ ವಲಯಕ್ಕೆ ಆ ಪ್ರಮಾಣದ ಬೊಕ್ಕಸವಿಲ್ಲ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಐರೋಪ್ಯ ಒಕ್ಕೂಟವು ಜಂಟಿ ಸಾಲದಿಂದ 75,000 ಕೋಟಿ ಯೂರೋಗಳ ಚೇತರಿಕೆ ನಿಧಿಗೆ ಒಪ್ಪಿತಾದರೂ ಅದನ್ನು ತಾತ್ಕಾಲಿಕ ಏರ್ಪಾಡಾಗಿಯೇ ರೂಪಿಸಿತು.