ಕ್ರಿಯಾಪದ ಕೊನೆಗೆ ಬರುತ್ತದೆ, ಓದುಗ ಅಲ್ಲಿತನಕ ಬರ್ತಾನಾ?

ಆನ್‌ಲೈನ್ ಬರವಣಿಗೆ ಕಲಿಯಲು ಹೊರಟವರಿಗೆ ಬೇಗನೆ ಎದುರಾಗುವ ಹೆಸರು ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್. ವೆಬ್ ಪುಟ ನೋಡುವಾಗ ಜನರ ಕಣ್ಣು ಎಲ್ಲೆಲ್ಲಿ ಓಡಾಡುತ್ತದೆ ಎಂದು ಇವರು 232 ಜನರನ್ನು ಕೂರಿಸಿ ಗಮನಿಸಿದರು. ಅದನ್ನು 2006ರಲ್ಲಿ ಬರೆದರು. ಮೇಲಿನ ಒಂದೆರಡು ಸಾಲನ್ನು ಜನ ಅಡ್ಡಕ್ಕೆ ಓದುತ್ತಾರೆ. ಆಮೇಲೆ ಎಡ ಅಂಚು ಹಿಡಿದು ಸರ್ರನೆ ಇಳಿದುಬಿಡುತ್ತಾರೆ. ಕಣ್ಣು ಹೋದ ದಾರಿ ಇಂಗ್ಲಿಷಿನ ಎಫ್ ಅಕ್ಷರದ ಹಾಗಿರುತ್ತದೆ. ಅದಕ್ಕೇ ಸಾಲಿನ ಮೊದಲ ಎರಡು ಪದದಲ್ಲೇ ವಿಷಯ ಇರಲಿ ಅನ್ನುತ್ತಾರೆ ನೀಲ್ಸನ್.

ಇದನ್ನು ಕನ್ನಡಕ್ಕೆ ಕೂರಿಸಲು ಹೋದಾಗ ನನಗೆ ಒಂದು ತೊಡಕು ಕಂಡಿತು. ಇಂಗ್ಲಿಷಿನಲ್ಲಿ ಕ್ರಿಯಾಪದ ಬೇಗ ಬಂದುಬಿಡುತ್ತದೆ. ನಮ್ಮಲ್ಲಿ ಅದು ಸಾಲಿನ ಬಾಲದಲ್ಲಿ ಕೂತಿರುತ್ತದೆ. ಕೆಲಸ ಆಯಿತೋ ಇಲ್ಲವೋ ಎಂಬುದು ಕೊನೆಯ ಪದದ ತನಕ ಗೊತ್ತಾಗುವುದಿಲ್ಲ. ಎಡ ಅಂಚಲ್ಲೇ ಇಳಿಯುವವನ ಕೈಗೆ ಮುಖ್ಯ ಸುದ್ದಿಯೇ ಸಿಗುವುದಿಲ್ಲ, ಅಲ್ವಾ?

ಒಂದು ಮಾದರಿ ನೋಡೋಣ. ನಾನೇ ಕಟ್ಟಿದ್ದು, ಆದರೆ ಇಂಥದ್ದನ್ನು ಓದದವರು ಯಾರೂ ಇರಲಿಕ್ಕಿಲ್ಲ:

"ದುರಸ್ತಿ ಕಾಮಗಾರಿಯನ್ನು ಕೈಗೊಳ್ಳಲಾಗುತ್ತಿರುವ ಹಿನ್ನೆಲೆಯಲ್ಲಿ ಜಯನಗರ, ಬಸವನಗುಡಿ ಮತ್ತು ಸುತ್ತಮುತ್ತಲಿನ ಪ್ರದೇಶಗಳಲ್ಲಿ ನಾಳೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದೆ."

18 ಪದ. ಕರೆಂಟಿನ ಮಾತು ಬರುವುದು 15ನೇ ಪದಕ್ಕೆ. ತಿದ್ದಿದ ಮೇಲೆ:

"ಜಯನಗರ, ಬಸವನಗುಡಿ ಸುತ್ತ ನಾಳೆ ಕರೆಂಟ್ ಇರುವುದಿಲ್ಲ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ದುರಸ್ತಿ ಕೆಲಸ ನಡೆಯಲಿದೆ."

ತಿದ್ದುವಾಗ ನಿಜಕ್ಕೂ ತಲೆ ಕೆಡಿಸಿದ್ದು "ವ್ಯತ್ಯಯ". ಅಂದರೆ ಕರೆಂಟ್ ಪೂರ್ತಿ ಇರುವುದಿಲ್ಲವೋ, ಹೋಗಿ ಬಂದು ಮಾಡುತ್ತದೋ? ಬರೆದವರನ್ನೇ ಕೇಳಬೇಕು. ನಾನು ಇಲ್ಲಿ ಪೂರ್ತಿ ಇಲ್ಲ ಅಂತ ಹಿಡಿದಿದ್ದೇನೆ. ದೊಡ್ಡ ಪದ ಎಷ್ಟೋ ಸಲ ಬರೆದವನಿಗೆ ಗೊತ್ತಿಲ್ಲದ್ದನ್ನು ಮುಚ್ಚಿಡುತ್ತದೆ. ತಿದ್ದುವವನಿಗೆ ಅಲ್ಲೇ ಕೆಲಸ ಇರುವುದು.

ಕ್ರಿಯಾಪದವನ್ನು ಮುಂದಕ್ಕೆ ತರಲು ಆಗದಿದ್ದರೂ ಬೇರೆ ಪದಗಳನ್ನು ನಾವು ಆಚೀಚೆ ಸರಿಸಬಹುದು. "ಜಯನಗರದಲ್ಲಿ ನಾಳೆ", "ನಾಳೆ ಜಯನಗರದಲ್ಲಿ" ಎರಡೂ ಸರಿಯೇ. ವಿಭಕ್ತಿ ಪ್ರತ್ಯಯ ಅಂಟಿಕೊಂಡೇ ಇರುವುದರಿಂದ ಅರ್ಥ ಕೆಡುವುದಿಲ್ಲ. ಓದುಗನಿಗೆ ಊರು ಮುಖ್ಯವೋ ದಿನ ಮುಖ್ಯವೋ ನೋಡಿ ಅದನ್ನು ಎಡಕ್ಕೆ ತರಬೇಕು. ನಮ್ಮ ಪತ್ರಿಕೆಗಳ ಹಳೆಯ ತಲೆಬರಹದ ರೂಢಿಯಲ್ಲೂ ಇದೇ ಜಾಣತನ ಇದೆ: "ಜಯನಗರ: ನಾಳೆ ಕರೆಂಟ್ ಇಲ್ಲ".

ಹಾಗಂತ ಎಲ್ಲ ಉದ್ದ ವಾಕ್ಯವನ್ನೂ ಕಡಿಯಬೇಕಿಲ್ಲ. "ಈರುಳ್ಳಿ ಹೆಚ್ಚಿ, ಎಣ್ಣೆಗೆ ಹಾಕಿ, ಕೆಂಪಗೆ ಹುರಿದು, ಇಳಿಸಿ" ಎಷ್ಟು ಉದ್ದವಾದರೂ ಭಾರ ಅನ್ನಿಸುವುದಿಲ್ಲ. ಒಂದೊಂದು ಹೆಜ್ಜೆಯೂ ಅಲ್ಲಲ್ಲೇ ಮುಗಿಯುತ್ತದೆ. ಕಷ್ಟ ಕೊಡುವುದು "ಮಾಡಿದ", "ಮಾಡುತ್ತಿರುವ", "ಮಾಡಲಾಗಿದ್ದ" ಅನ್ನುವವು. ಇವು ಸಾಲುಗಟ್ಟಿ ನಿಂತರೆ ಮುಂದೆ ಬರುವ ನಾಮಪದ ಸಿಗುವ ತನಕ ಎಲ್ಲವನ್ನೂ ನೆನಪಲ್ಲಿ ಹೊತ್ತುಕೊಂಡು ನಡೆಯಬೇಕು. ನಾನು ಇವುಗಳ ಕೆಳಗೆ ಗೆರೆ ಎಳೆಯುತ್ತೇನೆ. ಒಂದೇ ವಾಕ್ಯದಲ್ಲಿ ಎರಡು ಸಿಕ್ಕರೆ ಅಲ್ಲಿ ಒಡೆಯುತ್ತೇನೆ.

ಇನ್ನು ಅಕ್ಷರಗಳ ಕಾಟ. ಒಮ್ಮೆ ನಾನೇ ಬರೆದ ಬರಹವನ್ನು "ಕಂಪ್ಯೂಟರ್" ಅಂತ ಕೊಟ್ಟು ಹುಡುಕಿದೆ, ಸಿಗಲಿಲ್ಲ. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಒತ್ತಿದ್ದೆ: "ಕ೦ಪ್ಯೂಟರ್". ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸಲು ಬಳಸುವ ಪಟ್ಟಿಯಾದ ಯುನಿಕೋಡ್‌ನಲ್ಲಿ ಮಾತ್ರ ಬೇರೆ ಬೇರೆ ಅಕ್ಷರ. ಈಗ ತಿದ್ದಲು ಕೂತ ತಕ್ಷಣ ಅಂಕಿ ಸೊನ್ನೆಯನ್ನೇ ಹುಡುಕುತ್ತೇನೆ.

"ಸಾಫ್ಟ್‌ವೇರ್" ಎಂಬಲ್ಲಿ ಟ ಮತ್ತು ವ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಹೆಸರು. ಅದನ್ನು ಹಾಕದಿದ್ದರೆ "ಸಾಫ್ಟ್ವೇರ್" ಆಗಿ ವ ಒತ್ತಕ್ಷರವಾಗುತ್ತದೆ. "ರ‍್ಯಾಂಕ್" ಬರೆಯುವಾಗ ಅದರ ಅಣ್ಣ ಜಾಯ್ನರ್ ಬೇಕು, ಇಲ್ಲದಿದ್ದರೆ ಸೂರ್ಯನಿಗೆ ಬರುವ ಅರ್ಕಾವೊತ್ತು ಬಂದು ಕೂರುತ್ತದೆ.

ಅಳತೆಯೂ ಮೋಸ ಮಾಡುತ್ತದೆ. "ಸ್ತ್ರೀ" ನಮಗೆ ಒಂದಕ್ಷರ, ಯುನಿಕೋಡ್‌ಗೆ ಆರು. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರ ಸಿಕ್ಕರೆ ಕನ್ನಡದ್ದಕ್ಕೆ 70, ಅದರಲ್ಲಿ ಇದೊಂದೇ ಆರು ನುಂಗುತ್ತದೆ. ಚಿಕ್ಕದಾಗಿ ಬರೆಯಲು ನಮಗೆ ಕಾರಣ ಜಾಸ್ತಿ.

ಒಂದು ವಿಷಯದಲ್ಲಿ ಮಾತ್ರ ನಾನು ದಿನಕ್ಕೊಂದು ಕಡೆ ವಾಲುತ್ತೇನೆ: "ಇರಲ್ಲ"ವೋ "ಇರುವುದಿಲ್ಲ"ವೋ? ಗೋಡೆಗೆ ಅಂಟಿಸುವ ನೋಟಿಸಿಗೆ "ಇರುವುದಿಲ್ಲ", ಫೋನಿಗೆ ಹೋಗುವ ಮೆಸೇಜಿಗೆ "ಇರಲ್ಲ" ಅಂತ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಮೇಲಿನ ಕರೆಂಟ್ ಸಾಲನ್ನು ಗೋಡೆಗೆ ಅಂತಲೇ ಬರೆದೆ.